ಗರಿ ಕಳೆದುಕೊಂಡ ಲಾಂಗಿಸ್ಕ್ವಾಮ

ಪಕ್ಷಿಗಳ ಮೂಲವನ್ನು ಹರಪನಹಳ್ಳಿಯ ಜನತೆಗೆ ತಿಳಿಸುವ ಘನ ಹೊಣೆಯನ್ನು ಹೊಸ ಶತಮಾನದ ಶುರುವಿನಲ್ಲಿ ನಾನು ಹೊತ್ತುಕೊಂಡೆ. ಯಾರೂ ಹೊರಿಸಿರಲಿಲ್ಲ!

ಆಗ ನಾನು ಚಿಗಟೇರಿಯಲ್ಲಿ ವಿಜ್ಞಾನದ ಮಾಸ್ತರ. ಪತ್ರಿಕೆಯಲ್ಲಿ ಲಾಂಗಿಸ್ಕ್ವಾಮ ಎಂಬ ಪ್ರಾಣಿಯ ಚಿತ್ರ ಬಂದಿತ್ತು. ಡೈನೋಸಾರ್‌ಗಳ ಕಾಲದ ಮೊದಮೊದಲು ಬದುಕಿ, ವಂಶವೇ ಅಳಿದುಹೋದ ಓತಿಕ್ಯಾತದಂಥದ್ದು. ಬೆನ್ನ ಮೇಲೆ ಸಾಲಾಗಿ ಉದ್ದುದ್ದ ಗರಿಯಂಥವು. ಅವು ಗರಿ ಹೌದೋ ಅಲ್ಲವೋ, ಹಕ್ಕಿಗಳ ಮೂಲ ಇದೇನೋ ಎಂದು ವಿಜ್ಞಾನಿಗಳೇ ಜಗಳಾಡುತ್ತಿದ್ದರಂತೆ. ನಮ್ಮ ಶಾಲೆಗೆ ಹರಪನಹಳ್ಳಿಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಒಮ್ಮೆಯೂ ಬಹುಮಾನ ಬಂದಿರಲಿಲ್ಲ. "ಈ ಸಲ ನಮ್ದೇ ಸರ್" ಎಂದು ಹೆಡ್‌ಮಾಸ್ತರರಿಗೆ ಮಾತು ಕೊಟ್ಟುಬಿಟ್ಟೆ.

ಕೆರೆಯ ಮಣ್ಣು ತಂದು ಮೂರು ದಿನ ಕೂತು ಮೈ ತಿದ್ದಿದೆ. ಮೆಕ್ಕೆಜೋಳದ ತೆನೆಯ ಸಿಪ್ಪೆ ಕತ್ತರಿಸಿ ಬೆನ್ನಿಗೆ ಆರು ಗರಿ ಚುಚ್ಚಿದೆ. ಒಣಗಲೆಂದು ಪಡಸಾಲೆಯಲ್ಲಿಟ್ಟು ಶಾಲೆಗೆ ಹೋದೆ. ಅಂದು ಮಣ್ಣೆತ್ತಿನ ಅಮಾವಾಸ್ಯೆ, ಮನೆಮನೆಯಲ್ಲೂ ಮಣ್ಣಿನ ಜೋಡೆತ್ತು ಪೂಜಿಸುವ ಹಬ್ಬ ಎಂಬುದು ಈ ವಿಜ್ಞಾನಿಯ ತಲೆಗೆ ಹೊಳೆಯಲಿಲ್ಲ.

ಸಂಜೆ ಬಂದರೆ ನನ್ನ ಪ್ರಾಣಿ ದೇವರ ಜಗಲಿಯ ಮೇಲೆ! ಬೆನ್ನು ಬೋಳು. ಹೆಗಲಿಗೆ ಹೊಸ ಡುಬ್ಬ. ಎರಡು ಗರಿ ಸುರುಳಿಯಾಗಿ ತಲೆಯ ಮೇಲೆ ಕೊಂಬಾಗಿದ್ದವು. ಹಣೆಗೆ ಕುಂಕುಮ, ಎದುರಿಗೆ ಹೋಳಿಗೆ.

"ಅವ್ವಾ, ಏನ್ ಮಾಡಿದಿ ಇದನ್ನ?"

"ಇಷ್ಟು ಓದೀಯ, ಎತ್ತಿಗೆ ಕೊಂಬು ಎಲ್ಲಿರ್ತಾವಂತ ಗೊತ್ತಿಲ್ಲಲ್ಲೋ ತಮ್ಮಾ! ಬೆನ್ನತುಂಬ ಚುಚ್ಚಿಟ್ಟೀಯ. ನಾನ ಸರಿ ಮಾಡೀನಿ. ಅದೂ ಒಂದ ಮಾಡೀಯಲ್ಲ, ಮೈಗಳ್ಳ!"

"ಉಳಿದ ನಾಕು ಗರಿ?"

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಒಲಿಗೆ ಹಾಕಿದ್ನಿರಿ. ಹೋಳಿಗಿ ಚಲೋ ಬೆಂದಾವ."

ನಿಜ ಹೇಳುತ್ತೇನೆ, ಅಳು ಬಂತು. ಪ್ರದರ್ಶನ ಮರುದಿನವೇ. ಕೊಂಬು ಕೀಳಲು ಕೈ ಚಾಚಿದರೆ ಅವ್ವ ಗುಡುಗಿದಳು: "ಪೂಜಿ ಆಗೇತಿ. ಮುಟ್ಟಿದ್ರ ನೋಡು! ಹಂಗ ತಗಂಡು ಹೋಗು, ಜನ ನೋಡ್ಲಿ."

ಹಾಗೇ ತೊಡೆಯ ಮೇಲಿಟ್ಟುಕೊಂಡು ಹರಪನಹಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೆಂಗಸರು ಕೈ ಮುಗಿದರು.

ತೀರ್ಪುಗಾರರು ನಾನು ಬರೆದಿಟ್ಟಿದ್ದ ವಿವರದ ಚೀಟಿ ಓದಿದರು. "ಗರಿ ಎಲ್ರೀ ಮಾಸ್ತರ?"

"ಇದ್ವು ಸರ್."

"ಹೋಗ್ಲಿ, ಈ ಪ್ರಾಣಿ ಹೆಂಗ ನಾಶ ಆತು?"

ನನ್ನ ಬಾಯಿಂದ ಸತ್ಯವೇ ಹೊರಬಿತ್ತು. "ಮಣ್ಣೆತ್ತಿನ ಅಮಾಸಿ ಬಂತು ಸರ್."

ಪಕ್ಕದಲ್ಲಿದ್ದ ಹೆಡ್‌ಮಾಸ್ತರರು ನೆಲ ನೋಡುತ್ತಿದ್ದರು. ಅದನ್ನು ತಡೆಯಲಾಗದೆ ನಾನು ಕೊನೆಯ ಮಾನವನ್ನೂ ಬಿಟ್ಟು ಅಂಗಲಾಚಿದೆ. "ಸರ್, ಎತ್ತು ಅಂತನಾದ್ರೂ ನೋಡಿ ಒಂದು ಸಮಾಧಾನದ ಬಹುಮಾನ ಕೊಡ್ರಿ."

ಅವರು ಪ್ರಾಣಿಯ ಸುತ್ತ ಒಮ್ಮೆ ಗಂಭೀರವಾಗಿ ತಿರುಗಿದರು. "ಮಣ್ಣೆತ್ತು ಅಂದ್ರ ಜೋಡಿ ಇರಬೇಕಲ್ರಿ. ಇನ್ನೊಂದು ಎತ್ತು ಎಲ್ಲೈತಿ?"

ಹೆಡ್‌ಮಾಸ್ತರರು ಆಗ ತಲೆ ಎತ್ತಿದರು. ಸುಮ್ಮನೆ ನನ್ನ ಕಡೆ ನೋಡಿದರು.