ಅತ್ತೆ, ಸೊಸೆ ಮತ್ತು ಮೂರು ಲೆನ್ಸು

ನಮ್ಮ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ, ಯಾಕೆಂದರೆ ನಮ್ಮವ್ವ ನಾರಾಯಣಪೇಟೆಯ ನೇಕಾರರ ಮಗಳು, ನನ್ನ ಹೆಂಡತಿ ಗದ್ವಾಲಿನ ನೇಕಾರರ ಮಗಳು, ನಾನು ಇಬ್ಬರ ನಡುವೆ ಸೀರೆ ಅಂಗಡಿ ಇಟ್ಟುಕೊಂಡು ಕೂತವನು. ನಾರಾಯಣಪೇಟೆ ಸೀರೆ ಮೇಲೋ ಗದ್ವಾಲ ಸೀರೆ ಮೇಲೋ ಎಂಬ ಪ್ರಶ್ನೆ ನನ್ನ ಮದುವೆಯ ಊಟದ ಪಂಕ್ತಿಯಲ್ಲಿ ಎದ್ದದ್ದು, ಇನ್ನೂ ಕೂತಿಲ್ಲ. ತೆಲಂಗಾಣ ಬೇರೆ ಆಗಬೇಕೋ ಬೇಡವೋ ಎಂಬುದೇ ಇತ್ಯರ್ಥವಾಯಿತು, ನಮ್ಮ ಮನೆಯದು ಮಾತ್ರ ಆಗಲಿಲ್ಲ.

ರಾಜ್ಯ ಬಂದ ವರ್ಷ ಗಡಿಯಂಚಿನ ನಮ್ಮ ನಾರಾಯಣಪೇಟೆಯ ಅಂಗಡಿಯವರೆಲ್ಲ ಬೋರ್ಡಿನ ಮೇಲಿನ ಆಂಧ್ರಪ್ರದೇಶವನ್ನು ಅಳಿಸಿ ತೆಲಂಗಾಣ ಬರೆಸತೊಡಗಿದರು. ನಾನೂ ಹೊಸ ಬೋರ್ಡು ಮಾಡಿಸಲು ಹೋದೆ. ಫ್ಲೆಕ್ಸ್ ಅಂಗಡಿಯವನು, “ಸಾವ್ಕಾರ್ರ, ಇಂಟರ್ನೆಟ್ಟಿಂದ ಒಬ್ಬಾಕಿ ಹೀರೋಯಿನ್ನ ಇಳಿಸಿ ಹಾಕಿಬಿಡ್ತೀನ್ರಿ” ಎಂದ. ಅದೇ ಹೀರೋಯಿನ್ನನ್ನು ಅವನು ಆಗಲೇ ನಮ್ಮ ಬೀದಿಯ ಎರಡು ಸೀರೆ ಅಂಗಡಿಗೆ, ಒಂದು ಹಲ್ಲಿನ ದವಾಖಾನೆಗೆ ಹಾಕಿದ್ದ. ಮೇಲಾಗಿ ಆಕೆ ಉಟ್ಟದ್ದು ಬನಾರಸ ಸೀರೆ. ನನಗೆ ರೋಷ ಉಕ್ಕಿತು. ಬೋರ್ಡಿನ ಮೇಲೆ ನಮ್ಮ ಮನೆಯವರೇ ಇರಬೇಕು, ಫೋಟೋ ನಾನೇ ತೆಗೆಯಬೇಕು, ಶ್ರಾವಣ ಬರುವುದರೊಳಗೆ ಬೋರ್ಡು ಏರಲೇಬೇಕು ಎಂದು ಅಲ್ಲೇ ಹಠ ತೊಟ್ಟೆ.

ಮನೆಗೆ ಬಂದು ಹೇಳಿದೆ. “ಬೋರ್ಡಿನ್ಯಾಗ ನನ್ನ ಸೀರಿ ಚಂದಾಗಿ ಕಾಣಲಿಲ್ಲಂದ್ರ ನಾ ಗಲ್ಲಾದಾಗ ಕೂಡಂಗಿಲ್ಲ ನೋಡು” ಎಂದಳು ಅವ್ವ.

“ನನ್ನ ಸೀರಿ ಕಾಣಲಿಲ್ಲಂದ್ರ ನಾ ಗದ್ವಾಲಕ್ಕ ಹೋಗ್ತೀನಿ. ಶ್ರಾವಣದ ಯಾಪಾರ ನೀವ ಮಾಡ್ಕೋರಿ” ಎಂದಳು ಹೆಂಡತಿ.

ಗಲ್ಲಾ ನೋಡುವವಳು ಅವ್ವ, ಸೀರೆ ಬಿಚ್ಚಿ ತೋರಿಸಿ ಗಿರಾಕಿಯನ್ನು ಒಪ್ಪಿಸುವವಳು ಹೆಂಡತಿ. ಇಬ್ಬರಲ್ಲಿ ಒಬ್ಬರು ಎದ್ದು ಹೋದರೂ ನನ್ನ ಅಂಗಡಿ ಮುಗಿದ ಹಾಗೆಯೇ. ಹಠ ಇನ್ನೂ ಗಟ್ಟಿಯಾಯಿತು.

೧. ಹಿಂದಿನದೆಲ್ಲ ಮಬ್ಬು

ಕ್ಯಾಮೆರಾ ನನ್ನ ಹತ್ತಿರ ಇತ್ತು. ಮಕ್ತಲಿನಲ್ಲಿ ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬ ಹೊಸದು ಕೊಂಡಾಗ ತನ್ನ ಹಳೆಯದನ್ನು ನನಗೆ ಕೊಟ್ಟಿದ್ದ. ಲೆನ್ಸು ಯಾವುದು ಹಾಕಲಿ ಎಂದು ಅವನನ್ನೇ ಕೇಳಿದೆ.

“ಮುಖ ತೆಗ್ಯಾಕ ಐವತ್ತರ ಲೆನ್ಸ್ ಅಣ್ಣಾ. ಮುಂದಿಂದು ಕಡದಿಟ್ಟಂಗ ಬರ್ತೈತಿ, ಹಿಂದಿಂದೆಲ್ಲಾ ಮಬ್ಬು. ಭಾಳ ಚಂದ ಕಾಣ್ತೈತಿ” ಎಂದು ಒಂದನ್ನು ಕೈಗೆ ಕೊಟ್ಟ.

ಅವ್ವನನ್ನು ಕುರ್ಚಿಯಲ್ಲಿ ಕೂರಿಸಿದೆ, ಹೆಂಡತಿಯನ್ನು ಕುರ್ಚಿಯ ಹಿಂದೆ ನಿಲ್ಲಿಸಿದೆ. ಫೋಟೋ ನಿಜಕ್ಕೂ ಚೆನ್ನಾಗಿ ಬಂತು. ಅವ್ವನ ಮೂಗುಬೊಟ್ಟಿನ ಹರಳು ಸಹ ಎಣಿಸುವ ಹಾಗಿತ್ತು. ಗೆಳೆಯ ಹೇಳಿದ್ದನ್ನೇ ನಾನು ಹೆಮ್ಮೆಯಿಂದ ಹೇಳಿದೆ: “ನೋಡು, ಹಿಂದಿಂದೆಲ್ಲಾ ಹೆಂಗ ಮಬ್ಬು ಆಗೈತಿ!”

ಹೆಂಡತಿ ಫೋಟೋ ನೋಡಿದಳು, ನನ್ನನ್ನು ನೋಡಿದಳು. “ಹಿಂದಿಂದು ಅಂದ್ರ ನಾನಾ?”

ಸರಿ, ಅದಲುಬದಲು ಮಾಡಿದೆ. ಈಗ ಹೆಂಡತಿ ಮುಂದೆ, ಅವ್ವ ಹಿಂದೆ. ಹೆಂಡತಿಯ ಸೀರೆಯ ಜರಿ ಮಿಂಚಿತು, ಅವ್ವ ಹೊಗೆಯ ಮೋಡದಂತೆ ಬಂದಳು. ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಯಪ್ಪಾ, ನಾ ಇನ್ನಾ ಜೀವಂತ ಅದೀನಿ. ಗೋಡಿಗೆ ತೂಗಹಾಕೋ ಫೋಟೋ ಈಗ್ಯಾಕ ತೆಗದಿ?” ಎಂದಳು.

ಗೆಳೆಯನಿಗೆ ಫೋನು ಮಾಡಿದೆ. “ಇಬ್ಬರನ್ನೂ ಒಂದ ಸಾಲಿನ್ಯಾಗ ನಿಂದ್ರಸಬೇಕು ಅಣ್ಣಾ. ಕ್ಯಾಮೆರಾದಿಂದ ಇಬ್ಬರ ಮುಖಾನೂ ಅಷ್ಟ ದೂರ ಇರ್ಬೇಕು. ಒಂದು ಗೇಣು ಹಿಂದ ಮುಂದ ಆದ್ರ ಕೆಲಸ ಕೆಟ್ಟಂಗ” ಎಂದ.

ನಿಲ್ಲಿಸಿದೆ. ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಹೆಂಡತಿ ಅರ್ಧ ಹೆಜ್ಜೆ ಮುಂದೆ ಬಂದಳು. ಅವ್ವ ಅದನ್ನು ನೋಡಿ ಒಂದು ಹೆಜ್ಜೆ ಬಂದಳು. ಹೆಂಡತಿ ಮತ್ತೆ ಬಂದಳು, ಅವ್ವನೂ ಬಂದಳು, ನಾನು ಹಿಂದೆ ಹಿಂದೆ ಸರಿದೆ. ಕೊನೆಗೆ ನನ್ನ ಬೆನ್ನು ಗೋಡೆಗೆ ಹತ್ತಿತು, ಅವರು ಇನ್ನೂ ಬರುತ್ತಲೇ ಇದ್ದರು.

೨. ಜುರಾಲಾದಲ್ಲಿ ನಡುವಿನವಳು

ಗೆಳೆಯ ಎರಡನೆಯ ಲೆನ್ಸು ತಂದ. “ಇದು ವೈಡ್. ಹೊಳಿ, ಗುಡ್ಡ, ಬಯಲು ತೆಗ್ಯಾದು ಇದರಿಂದ. ಇದರಾಗ ಮುಂದಿಂದು, ಹಿಂದಿಂದು ಎಲ್ಲಾ ಸ್ಪಷ್ಟ ಬರ್ತೈತಿ. ಇಬ್ಬರೇನು, ಇಡೀ ಊರ ಹಿಡಸ್ತೈತಿ!”

ಮಬ್ಬೇ ಇಲ್ಲದ ಲೆನ್ಸು! ನನಗೆ ದೇವರು ಸಿಕ್ಕಷ್ಟು ಸಂತೋಷವಾಯಿತು. ಭಾನುವಾರ ಇಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಜುರಾಲಾ ಡ್ಯಾಮಿಗೆ ಹೊರಟೆ. ನಾರಾಯಣಪೇಟೆಗೂ ಗದ್ವಾಲಿಗೂ ನಡುವೆ ಕೃಷ್ಣಾ ಹರಿಯುವ ಜಾಗ, ಯಾರ ತವರಿಗೂ ಸೇರದ್ದು ಎಂದು ಯೋಚಿಸಿಯೇ ಆರಿಸಿದ್ದೆ.

ನಡುವೆ ಡ್ಯಾಮಿನ ಸಾಲು ಬಾಗಿಲುಗಳು ಕಾಣಲೆಂದು ಅವ್ವನನ್ನು ಎಡತುದಿಗೆ, ಹೆಂಡತಿಯನ್ನು ಬಲತುದಿಗೆ ನಿಲ್ಲಿಸಿದೆ. ಸೀರೆಯ ಅಂಚು ಕಾಣಬೇಕಲ್ಲ, ಚೆನ್ನಾಗಿ ಹತ್ತಿರ ಹೋದೆ. ವೈಡ್ ಲೆನ್ಸಿನಲ್ಲಿ ಹತ್ತಿರ ಹೋದರೆ ತುದಿಯಲ್ಲಿ ನಿಂತವರು ಅಡ್ಡಡ್ಡ ಹಿಗ್ಗುತ್ತಾರೆ ಎಂಬುದನ್ನು ಗೆಳೆಯ ಹೇಳಿರಲಿಲ್ಲ. ಅವ್ವನ ತೋಳು ಲೋಡುದಿಂಬಿನಷ್ಟಾಗಿತ್ತು. ಹೆಂಡತಿಯ ಸೊಂಟದ ವಿಷಯ ನಾನು ಬರೆಯುವುದಿಲ್ಲ.

ಇಬ್ಬರೂ ಒಟ್ಟಿಗೆ ಕ್ಯಾಮೆರಾದೊಳಗೆ ಬಗ್ಗಿ ನೋಡಿದರು. ನನ್ನ ಮದುವೆಯಾದ ಮೇಲೆ ಮೊದಲ ಸಲ ಅತ್ತೆ ಸೊಸೆ ಒಂದೇ ಮಾತಿಗೆ ಬಂದರು: “ನಿಂಗ ಫೋಟೋ ಬರಂಗಿಲ್ಲ” ಎಂದಳು ಅವ್ವ. “ಹೌದ್ರಿ ಅತ್ತಿ, ಖರೇ ಹೇಳಿದ್ರಿ” ಎಂದಳು ಹೆಂಡತಿ.

ಹಾಗೆಂದು ಫೋಟೋದಲ್ಲಿ ಯಾರೂ ಚೆನ್ನಾಗಿ ಬಂದಿರಲಿಲ್ಲ ಎಂದಲ್ಲ. ಅಲ್ಲಿ ಮೀನು ಕರಿದು ಮಾರುವ ಹೆಂಗಸು ನಾನು ಗುಂಡಿ ಒತ್ತುವಾಗ ಎಣ್ಣೆಯ ಡಬ್ಬಿ ಹಿಡಿದು ನಡುವೆ ಹಾದು ಹೋಗಿದ್ದಳು. ನಡುವೆ ಇದ್ದವಳಾದ್ದರಿಂದ ಹಿಗ್ಗಿಲ್ಲ, ಕುಗ್ಗಿಲ್ಲ, ಮುಖದ ತುಂಬ ನಗು, ಹಿಂದೆ ಕೃಷ್ಣೆ. ಬೋರ್ಡಿಗೆ ಹೇಳಿ ಮಾಡಿಸಿದ ಫೋಟೋ. ಆದರೆ ಆಕೆ ಉಟ್ಟದ್ದು ಅಪ್ಪಟ ಸೂರತ್ತಿನ ಪಾಲಿಯೆಸ್ಟರ್.

೩. ಸೀರೆ ಮೂಸುವ ಸಾವ್ಕಾರ

ಆಷಾಢ ಬಂತು. ಇನ್ನೊಬ್ಬನಾಗಿದ್ದರೆ ಹೀರೋಯಿನ್ನನ್ನೇ ಹಾಕಿಸಿಬಿಡುತ್ತಿದ್ದ. ನಾನು ಬಿಡಲಿಲ್ಲ. ಮೂರನೆಯ ಸಲ ಮಕ್ತಲಿಗೆ ಹೋದೆ.

ಗೆಳೆಯನಿಗೂ ಈಗ ಇದು ಮಾನದ ಪ್ರಶ್ನೆಯಾಗಿತ್ತು. “ಅಣ್ಣಾ, ಮುಖ ಇದ್ರ ತಾನ ಜಗಳ? ಮುಖಾನ ಬ್ಯಾಡ. ಬರೇ ಸೀರಿ ತೆಗಿ. ಇದು ಮ್ಯಾಕ್ರೋ ಲೆನ್ಸ್, ಇರುವಿ ಕಾಲಿನ ಕೂದಲಾ ಕಾಣ್ತೈತಿ. ಅಂಚಿನ ನೇಯ್ಗಿ ದೊಡ್ಡದು ಮಾಡಿ ಬೋರ್ಡಿಗೆ ಹಾಕು. ಅರ್ಧ ನಾರಾಯಣಪೇಟಿ, ಅರ್ಧ ಗದ್ವಾಲ.”

ಇದಕ್ಕಿಂತ ಒಳ್ಳೆಯ ಮಾತು ನಾನು ಕೇಳಿರಲಿಲ್ಲ. ಬಣ್ಣಕ್ಕೊಂದು ಜಗಳ ಬೇಡವೆಂದು ಎರಡೂ ರಾಶಿಯಿಂದ ಒಂದೇ ಬಣ್ಣದ ಸೀರೆ ಆರಿಸಿದೆ: ಅರಿಶಿನ ಒಡಲು, ಕೆಂಪು ಅಂಚು, ಜರಿ.

ಮ್ಯಾಕ್ರೋ ಕಲಿಯುವವನಿಗೆ ಗಾಳಿಯೇ ಶತ್ರು ಎಂದು ಅವತ್ತು ತಿಳಿಯಿತು. ಫ್ಯಾನು ತಿರುಗಿದರೆ ಎಳೆ ಅಲ್ಲಾಡುತ್ತಿತ್ತು, ಫೋಟೋ ಕಲಸಿಹೋಗುತ್ತಿತ್ತು. ಫ್ಯಾನು ಆರಿಸಿದೆ. ಆಮೇಲೆ ನನ್ನ ಉಸಿರಿಗೇ ಅಲ್ಲಾಡತೊಡಗಿತು. ಸೀರೆಯನ್ನು ರಟ್ಟಿಗೆ ಬಿಗಿದು ಕಿಟಕಿಯ ಬೆಳಕಿಗೆ ಇಟ್ಟೆ, ಮೊಣಕೈಗಳನ್ನು ನೆಲಕ್ಕೂರಿ, ಬೆವರು ಸುರಿಸುತ್ತ, ಉಸಿರು ಹಿಡಿದು, ಕ್ಯಾಮೆರಾ ಸಮೇತ ಮೂಗನ್ನು ಸೀರೆಗೆ ತಾಗುವಷ್ಟು ಹತ್ತಿರ ಒಯ್ದೆ. ಎಳೆ ಹಗ್ಗದಷ್ಟು ದಪ್ಪ ಕಾಣುತ್ತಿತ್ತು. ಒಂದು ಕೂದಲೆಳೆ ಮುಂದಾದರೆ ಈ ದಾರ ಮಬ್ಬು, ಹಿಂದಾದರೆ ಆ ದಾರ ಮಬ್ಬು. ಪಟ್ಟು ಬಿಡದೆ ಮಧ್ಯಾಹ್ನವಿಡೀ ಹಾಗೇ ಬಿದ್ದುಕೊಂಡಿದ್ದೆ.

ನಮ್ಮ ಕಡೆಯ ಮದ್ದೂರಿನ ಒಬ್ಬ ಗಿರಾಕಿ ತನ್ನ ಹೆಂಡತಿಯ ಜೊತೆ ಬಾಗಿಲಿಗೆ ಬಂದವನು ನನ್ನನ್ನು ಬೆನ್ನ ಕಡೆಯಿಂದ ನೋಡಿ ಅಲ್ಲೇ ನಿಂತ. ಆಕೆಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು: “ನಡಿ, ಬ್ಯಾರೆ ಅಂಗಡಿಗೆ ಹೋಗೂನು. ಇಲ್ಲಿ ಮಾಲು ಹಳೇದು ಇದ್ದಂಗೈತಿ, ಸಾವ್ಕಾರ ತಾನ ಮೂಸಿ ನೋಡಾಕತ್ತಾನ.”

೪. ಹಸಿರು ಎಳೆ

ಗೆಳೆಯ ಆ ಎರಡು ಫೋಟೋಗಳನ್ನು ಕ್ಯಾಲೆಂಡರಿನಷ್ಟು ದೊಡ್ಡದು ಮಾಡಿಸಿ ತಂದುಕೊಟ್ಟ. ಸೀರೆ ಎಂದು ಗುರುತೇ ಹತ್ತುವಂತಿರಲಿಲ್ಲ, ಹೊರಸಿನ ಹುರಿ ಹೆಣೆದ ಹಾಗೆ ಕಾಣುತ್ತಿತ್ತು. ಅವ್ವ ಮತ್ತು ಹೆಂಡತಿ ಗಲ್ಲಾದ ಮೇಜಿನ ಆಚೆ ನಿಂತಿದ್ದರು, ಅವ್ವ ಎಂದಿನಂತೆ ನಾರಾಯಣಪೇಟೆ ಉಟ್ಟು, ಹೆಂಡತಿ ಗದ್ವಾಲ ಉಟ್ಟು. ನಾನು ಎರಡನ್ನೂ ಮೇಜಿನ ಮೇಲೆ ಹರಡಿದೆ. ಯಾವುದು ಯಾವೂರಿನದು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಒಂದನ್ನು ಎತ್ತಿಕೊಂಡಳು.

“ಹೇಳಬ್ಯಾಡ, ನಂಗ ಗೊತ್ತೈತಿ. ಇದು ನಮ್ಮೂರಿಂದು. ನೇಯ್ಗಿ ನೋಡು ಹೆಂಗ ಬಿಗಿ ಐತಿ! ಜರಿ ಬಾಜೂಕ ಒಂದ ಒಂದು ಹಸಿರು ಎಳಿ ಇಟ್ಟಾರ ನೋಡು. ಈ ಬುದ್ಧಿ ನಮ್ಮವರಿಗಲ್ದ ಯಾರಿಗೈತಿ?”

ಅವ್ವ ಹಿಡಿದದ್ದು ಗದ್ವಾಲಿನದು.

ಹೆಂಡತಿ ಸೋಲುವವಳೇ? ಉಳಿದದ್ದನ್ನು ಎತ್ತಿ ಹಿಡಿದಳು. “ಬಿಗಿ ಏನ್ರಿ ಬಿಗಿ, ನಮ್ಮೂರಿಂದು ನೋಡ್ರಿಲ್ಲಿ, ಎಷ್ಟು ಸಾಫ್ ಕುಂತೈತಿ! ನಮ್ಮ ಅಣ್ಣಂದಿರ ಕೈ ಇದು, ಕಣ್ಣು ಮುಚ್ಚಿ ಹೇಳ್ತೀನಿ.” ಅದು ನಾರಾಯಣಪೇಟೆಯದು.

ಸತ್ಯ ನನ್ನ ನಾಲಗೆಯ ತುದಿಗೆ ಬಂತು. ಎದುರಿಗೆ ಗಲ್ಲಾ ಕಂಡಿತು, ಶ್ರಾವಣ ಕಂಡಿತು. ನುಂಗಿಕೊಂಡೆ.

“ನೀವ ಹೇಳ್ರಿ!” “ನೀನ ಹೇಳಪಾ!” ಎಂದು ಇಬ್ಬರೂ ತಮ್ಮ ತಮ್ಮ ಹಾಳೆಯನ್ನು ನನ್ನತ್ತ ಚಾಚಿದರು. ಇಬ್ಬರೂ ಮುಂದೆ ನುಗ್ಗಲು ನೋಡಿದರು, ಆದರೆ ನಡುವೆ ಮೇಜು ಅಡ್ಡ ಇತ್ತು. ಆಗ ನನಗೆ ಹೊಳೆಯಿತು. ಒಂದೇ ಸಾಲು, ಒಂದೇ ದೂರ, ಒಂದು ಗೇಣು ಹಿಂದಿಲ್ಲ, ಮುಂದಿಲ್ಲ! ಗೂಡಿನಲ್ಲಿದ್ದ ಕ್ಯಾಮೆರಾಕ್ಕೆ ಐವತ್ತರ ಲೆನ್ಸು ತಿರುಗಿಸಿ ಗುಂಡಿ ಒತ್ತಿದೆ.

ಎರಡು ಮುಖ, ಎರಡು ಸೀರೆ, ಎರಡು ಹಾಳೆ, ಎಲ್ಲವೂ ಕಡೆದಿಟ್ಟ ಹಾಗೆ ಬಂದವು. ಅವ್ವ ನೋಡಿ, “ಇದರಾಗ ನಾ ಗೆಲ್ಲಾಕತ್ತೀನಿ, ಹಾಕ್ಸು” ಎಂದಳು. ಹೆಂಡತಿ ನೋಡಿ ನನ್ನನ್ನು ಬದಿಗೆ ಕರೆದು, “ಅತ್ತಿ ಸೋತ ಮುಖ ಎಷ್ಟು ಚಂದ ತೆಗದೀರಿ, ಹಾಕಸ್ರಿ” ಎಂದಳು.

೫. ಶ್ರಾವಣದ ಶುಕ್ರವಾರ

ಬೋರ್ಡು ಏರಿತು. ಕೆಳಗೆ ತೆಲಂಗಾಣ, ಮೇಲೆ ಅತ್ತೆ ಸೊಸೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ಬೀದಿಯ ಆಚೆ ಬದಿಗೆ ಹೋಗಿ ಹೋಗಿ ನೋಡಿ ಬರುತ್ತಿದ್ದೆ. ಆದರೂ ಗುಟ್ಟು ಹೊರಬೀಳಬಾರದೆಂದು ಆ ಹಸಿರು ಎಳೆಯ ಗದ್ವಾಲ ಸೀರೆಯನ್ನು ರಾಶಿಯ ತಳಕ್ಕೆ ಸೇರಿಸಿದ್ದೆ.

ಶ್ರಾವಣದ ಶುಕ್ರವಾರ ಮರಿಕಲ್ ಕಡೆಯ ಹೆಂಗಸೊಬ್ಬಳು ಬಂದಳು. ಮಗಳ ಮದುವೆಯಂತೆ. ನೆಟ್ಟಗೆ ಅವ್ವನ ಮುಂದೆ ನಿಂತು, ಹೊರಗಿನ ಬೋರ್ಡಿಗೆ ಕೈ ತೋರಿಸಿ, “ಪೆದ್ದಮ್ಮಾ, ನೀ ಚೇತಿಲ ಉನ್ನದೇ ಕಾವಾಲೆ” ಎಂದು ತೆಲುಗಿನಲ್ಲಿ ಕೇಳಿದಳು. ಅವ್ವನ ಕೈಯಲ್ಲಿರುವುದೇ ಬೇಕಂತೆ, ಆ ಹಸಿರು ಎಳೆಯದೇ.

ಅವ್ವ ಹಿಗ್ಗಿ ಹೀರೆಕಾಯಿಯಾದಳು. ಗಲ್ಲಾ ಬಿಟ್ಟು ತಾನೇ ಎದ್ದು ನಾರಾಯಣಪೇಟೆ ರಾಶಿ ಇಳಿಸಿದಳು. ಒಂದು ಬಿಚ್ಚಿದಳು, ಹಸಿರಿಲ್ಲ. ಇನ್ನೊಂದು ಬಿಚ್ಚಿದಳು, ಇಲ್ಲ. ರಾಶಿಯೆಲ್ಲ ಮುಗಿಯಿತು. ನಾನು, “ಅದು ಮಾರಿಹೋಗೈತಿ ಅವ್ವಾ” ಎನ್ನುವಷ್ಟರಲ್ಲಿ ಹೆಂಡತಿ, ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು, ಗದ್ವಾಲ ರಾಶಿಯ ತಳದಿಂದ ಅರಿಶಿನ ಒಡಲಿನದೊಂದು ಎಳೆದು ಬಾಗಿಲ ಬೆಳಕಿಗೆ ಹಿಡಿದಳು. ಜರಿಯ ಪಕ್ಕದಲ್ಲಿ ಹಸಿರು ಎಳೆ ಮಿನುಗಿತು.

“ಇದೇ! ಇದೇ!” ಎಂದು ಹೆಂಗಸು ಅದನ್ನು ತಬ್ಬಿಕೊಂಡಳು.

ಹೆಂಡತಿ ಮೊದಲು ಸೀರೆ ನೋಡಿದಳು, ಆಮೇಲೆ ಅವ್ವನ ಮುಖ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಅವ್ವ ಅಲ್ಲಾಡಲಿಲ್ಲ. ಸೀರೆಯನ್ನು ನೀಟಾಗಿ ಮಡಚಿ, ಚೀಲಕ್ಕೆ ಹಾಕಿ, ಗಿರಾಕಿಗೆ ಕೊಟ್ಟು, ದುಡ್ಡು ಇಸಿದುಕೊಂಡು, ಹರಸಿ ಕಳಿಸಿದಳು. ಆಮೇಲೆ ಸೊಸೆಯತ್ತ ತಿರುಗಿದಳು.

“ನಗು ನಗು. ಬೋರ್ಡಿನ್ಯಾಗ ನನ್ನ ಕೈಯಾಗ ಇರೋದು ನಿಮ್ಮೂರಿಂದು ಅಂದ್ರ, ನಿನ್ನ ಕೈಯಾಗ ಇರೋದು ಯಾವೂರಿಂದವಾ?”

ಹೆಂಡತಿಯ ನಗು ಅಲ್ಲೇ ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿ, ಒಂದೊಂದೇ ಹೆಜ್ಜೆ ಮುಂದೆ ಬರತೊಡಗಿದರು. ಒಂದೇ ಸಾಲು, ಒಂದೇ ದೂರ, ಒಂದು ಗೇಣು ಹಿಂದಿಲ್ಲ, ಮುಂದಿಲ್ಲ. ಅಷ್ಟು ಸ್ಪಷ್ಟವಾಗಿ ಆ ಎರಡು ಮುಖ ನನಗೆ ಯಾವ ಲೆನ್ಸಿನಲ್ಲೂ ಕಂಡಿರಲಿಲ್ಲ, ಮತ್ತು ಈ ಸಲ ನಡುವೆ ಮೇಜು ಇರಲಿಲ್ಲ.