ಆಲೂಗಡ್ಡೆ ಏಳೋಲ್ಲ

ಮೊಮ್ಮಗಳು: ದಪ್ಪಗಿರೋನನ್ನೇ ಮೊದಲು ಆಚೆ ಹಾಕ್ತಾರೆ, ಅಷ್ಟೇ ತಾನೆ ತಾತಾ?

ತಾತ: ಅಲ್ವೇ ಪುಟ್ಟಿ! ಹೋದ ಸಲ ನೀನು ಹೀಗೇ ಹೇಳಿ ಡುಮ್ಕಿ ಹೊಡ್ದೆ. ಆಚೆ ಹೋಗೋದು ಬ್ರೋಮಿನ್. ದಪ್ಪಗಿರೋನು ಜಾಗ ಬಿಡೋನಲ್ಲ.

ಕೆಮಿಸ್ಟ್ರಿ ಮೇಷ್ಟ್ರಾಗಿ ನಿವೃತ್ತರಾದ ತಾತ ಬಾಗಿಲಿಗೆ ಅಡ್ಡವಾಗಿ ಆರಾಮ ಕುರ್ಚಿ ಹಾಕಿಕೊಂಡು ಕಾಲು ಚಾಚಿದ್ದರು. ತೊಡೆಯ ಮೇಲಿನ ತಟ್ಟೆಯಲ್ಲಿ ಆರು ಹಿಟ್ಟಿನುಂಡೆಗಳಿಗೆ ಬೆಂಕಿಕಡ್ಡಿ ಚುಚ್ಚಿ ಮಾಡಿದ ಸೈಕ್ಲೊಹೆಕ್ಸೇನ್, ಅಂದರೆ ಆರು ಇಂಗಾಲಗಳ ಉಂಗುರ. ಒಂದು ಉಂಡೆಗೆ ಆಲೂಗಡ್ಡೆ, ಅದರ ಎದುರಿನದಕ್ಕೆ ಟೊಮೇಟೊ, ಮಿಕ್ಕ ಕಡ್ಡಿಗಳಿಗೆಲ್ಲ ಬಟಾಣಿ. ಇನ್ನೇನು ಬಸ್ಸು ಬರಬೇಕು. ಎರಡು ಕಾಂಪೌಂಡುಗಳಲ್ಲಿ ಒಂದರಿಂದ ಬ್ರೋಮಿನ್ ಬೇಗ, ಇನ್ನೊಂದರಿಂದ ನಿಧಾನವಾಗಿ ಹೊರಡುವುದೇಕೆ ಎಂಬ ಹೋದ ಸಲದ ಪ್ರಶ್ನೆಯೇ ಮೌಖಿಕ ಪರೀಕ್ಷೆಗೆ ಹೊರಟ ಮೊಮ್ಮಗಳನ್ನು ಕಾಡುತ್ತಿತ್ತು.

ತಾತ: ಟೊಮೇಟೊನೇ ಬ್ರೋಮಿನ್, ಆಲೂಗಡ್ಡೆ ಆ ದಪ್ಪಗಿರೋ ಗುಂಪು, ಬಟಾಣಿ ಹೈಡ್ರೋಜನ್. ಅದು ನೆಟ್ಟಗೆ ನಿಂತ್ರೇನೇ ಹೊರಡೋದು. ಇಲ್ನೋಡು, ಆಲೂಗಡ್ಡೆ ಪಕ್ಕಕ್ಕೆ ಮಲಗಿದೆ, ಟೊಮೇಟೊ ನಿಂತಿದೆ. ಕ್ಷಾರ ಬಂದು ಪಕ್ಕದ ಉಂಡೇಲಿ ಕೆಳಗೆ ನೇತಾಡೋ ಬಟಾಣೀನ ಕಿತ್ಕೊಂಡಿದ್ದೇ ತಡ, ಟೊಮೇಟೊ ಓಟ!

ಮೊಮ್ಮಗಳು: ಆ ಇನ್ನೊಂದು ಕಾಂಪೌಂಡು?

ತಾತ: ಅದ್ರಲ್ಲಿ ಎರಡೂ ಮಲಗಿವೆ.

ಮೊಮ್ಮಗಳು: ಉಂಗುರ ಮಗುಚಿದ್ರೆ ಟೊಮೇಟೊ ಎದ್ದು ನಿಲ್ಲತ್ತಲ್ಲ?

ತಾತ: ಜೊತೆಗೆ ಆಲೂಗಡ್ಡೆನೂ ಏಳ್ಬೇಕಲ್ಲ! ಎದ್ರೆ ಅದೇ ಕಡೆ ಇರೋ ಎರಡು ಬಟಾಣಿಗೂ ಗುದ್ದತ್ತೆ.

ತೋರಿಸಲು ಹೋದರು. ಎರಡು ಬಟಾಣಿ ಹಾರಿ ಮಂಚದ ಕೆಳಗೆ ಉರುಳಿದವು.

ತಾತ: ನೋಡಿದ್ಯಾ? ಅಲ್ಲಿ ಆಲೂಗಡ್ಡೆ ಬದ್ಲು ಚಿಕ್ಕದೇನಾದ್ರೂ ಇದ್ದಿದ್ರೆ ಎದ್ದು ನಿಂತು ಬ್ರೋಮಿನ್‌ಗೆ ದಾರಿ ಮಾಡ್ಕೊಡ್ತಿತ್ತು.

ಅಜ್ಜಿ (ಅಡುಗೆಮನೆಯಿಂದ): ರೀ, ನೀರು ಕುದೀತಿದೆ. ನನ್ನ ಆಲೂಗಡ್ಡೆ ಎಲ್ರೀ?

ತಾತ: ಅದು ಪಾಠ ಹೇಳ್ತಿದೆ, ಇರೇ! ಪುಟ್ಟಿ, ನಾನು ಲ್ಯಾಬಲ್ಲಿ ಇಂಥದೇ ಕಾಂಪೌಂಡು ಒಂದನ್ನ ಬಿಸಿಗಿಟ್ಟು ಮದುವೆ ಮಾಡ್ಕೊಳ್ಳೋಕೆ ಬಂದೆ. ವಾಪಸ್ ಹೋಗಿ ನೋಡಿದ್ರೆ ಬ್ರೋಮಿನ್ ಜಪ್ಪಯ್ಯ ಅಂದ್ರೂ ಜಗ್ಗಿರ್ಲಿಲ್ಲ!

ಅಜ್ಜಿ: ಎಲ್ಲಿ ಜಗ್ಗತ್ತೆ? ಬರ್ನರ್ ಹಚ್ಚೋದನ್ನೇ ಮರ್ತು ಬಂದಿದ್ರಲ್ಲ!

ಹೊರಗೆ ಬಸ್ಸಿನ ಹಾರನ್ ಕೇಳಿಸಿತು.

ಮೊಮ್ಮಗಳು: ತಾತಾ, ಏಳು! ದಾರಿ ಬಿಡು!

ತಾತ: ನಾನಾ? ಏಳೋದಾ? ಎದ್ರೆ ಆ ಕಡೆ ಕಪಾಟು ತಲೆಗೆ ಬಡಿಯತ್ತೆ, ಈ ಕಡೆ ಮೇಜು ಸೊಂಟಕ್ಕೆ ಚುಚ್ಚತ್ತೆ...

ಮೊಮ್ಮಗಳು ಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

ಮೊಮ್ಮಗಳು: ಅಯ್ಯೋ, ಈಗ ಹೊಳೀತು! ನಾನು ಹೊರಡ್ಬೇಕಂದ್ರೆ ನೀನು ಏಳ್ಬೇಕು. ನೀನು ಏಳೋಲ್ಲ. ಅದಕ್ಕೇ ಆ ಕಾಂಪೌಂಡು ನಿಧಾನ!

ತಾತ: ಭಲೇ! ಇದನ್ನೇ ಹೇಳು, ಪಾಸು!

ಅಷ್ಟರಲ್ಲಿ ಅಜ್ಜಿ ಕುದಿಯುವ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದುಕೊಂಡೇ ಆಲೂಗಡ್ಡೆ ಹುಡುಕುತ್ತ ಬಂದರು. ಹಬೆ ಪಾದದ ಹತ್ತಿರ ಬಂದದ್ದೇ ತಡ, ತಾತ ಛಂಗನೆ ನೆಟ್ಟಗೆ ನಿಂತರು. ಆ ಸಂದಿಯಲ್ಲೇ ಮೊಮ್ಮಗಳು ನುಸುಳಿ ಆಚೆ ಓಡಿದಳು.

ಅಜ್ಜಿ (ಅವಳ ಬೆನ್ನ ಹಿಂದೆ ಕೂಗಿ): ಪುಟ್ಟೀ, ಏಳೋದೇ ಇಲ್ಲ ಅಂತ ಹೇಳ್ಬಿಟ್ಟೀಯ ಮತ್ತೆ! ಬಿಸಿ ಸಾಕಷ್ಟಿದ್ರೆ ಏಳತ್ತೆ ಅನ್ನು!