ಮಸರಿನ ತಪ್ಪಿಲ್ಲ

ನಮ್ಮ ಊರು ಉಮದಿಯಾಗ ಕುಂತು ಕಂಪ್ಯೂಟರಿನ ಕೆಲಸ ಮಾಡೋರು ತಮಾಷಿ ಹುಡಿಕ್ಯಾಡಕೋತ ಹೋಗೋ ಜರೂರಿಲ್ಲರಿ. ಅದ ಚಪ್ಪಲಿ ಬಿಟ್ಟು ಒಳಗ ಬಂದು ಚಾ ಕೇಳತೈತಿ.

೧. ಪುಕಟ ದುಡಿಮಿ

ಕಂಪ್ಯೂಟರ್ ನಡಸೋ ಮೂಲ ಪ್ರೋಗ್ರಾಮಿಗೆ ಕರ್ನಲ್ ಅಂತಾರ. ಅದರಾಗ ಮಷೀನಿನ ಒಂದೊಂದು ಭಾಗ ನೋಡಕೊಳ್ಳಾಕ ಒಂದೊಂದು ಡ್ರೈವರ್. ಯಾರರ ಡ್ರೈವರ್ ರಿಪೇರಿ ಬರದು ಕಳಿಸಿದ್ರ ಅದನ್ನ ಓದಿ ತಪ್ಪು ತೋರಸೋದು ನನ್ನ ನೌಕರಿ. ಬರದಾವ ಯಾವ ದೇಶದಾಗೋ ಇರ್ತಾನ, ನಾ ಅಡಗಿಮನಿ ಬಾಜೂಕ ಇರ್ತೀನಿ.

ಬಾಜೂ ಮನಿ ಆಯಿ ಒಮ್ಮೆ ನಮ್ಮ ಅತ್ತಿನ್ನ ಕೇಳಿದಳು, "ನಿನ್ನ ಸೊಸಿ ಮುಂಜಾನಿಂದ ಏನ ಮಾಡ್ತಾಳವಾ?"

"ಮಂದಿ ಮಾಡಿದ ಕೆಲಸದಾಗ ತಪ್ಪು ಹುಡುಕ್ತಾಳ. ಅದಕ್ಕ ಪಗಾರ ಕೊಡ್ತಾರ."

ಆಯಿ ಗಲ್ಲಕ್ಕ ಕೈ ಹಚ್ಚಿದಳು. "ಅಯ್ಯ ಶಿವನ! ಮೂರು ಸೊಸ್ಯಾರಿಗಿ ನಾ ಇದನ್ನ ಪುಕಟ ಮಾಡೀನಲ್ಲ!"

೨. ವೈರಿ ಬ್ಯಾಗಿನಾಗ

ನಮ್ಮ ಓಣಿಯ ಮಾಸ್ತರರು ದಿನಾ ಮೋಟಾರ್ ಸೈಕಲ್ ಮ್ಯಾಲೆ ಸನಮಡಿ ಸಾಲಿಗಿ ಹೋಗ್ತಾರ. ಒಂದಿನ ಮುಂಜಾನಿ ಮುಖ ಸಣ್ಣದು ಮಾಡಕೊಂಡು ಬಂದ್ರು.

"ಮ್ಯಾಡಂ, ಮಸರು ಹುಳಿ ಅಂದೆ ಅಂತ ಮನ್ಯಾಕಿ ಡಬ್ಬಿ ಕಟ್ಟೋದ ಬಿಟ್ಟಾಳ್ರಿ. ಮಾತೂ ಬಿಟ್ಟಾಳ. ಎಂಟು ದಿನ ಆತು, ಬಜಿ ತಿಂದು ಹೊಟ್ಟಿ ಕೆಟ್ಟೈತಿ. ಅದು ಇರ್ಲಿ, ಈ ಲ್ಯಾಪ್‌ಟಾಪಿನ ಬ್ಯಾಟ್ರಿ ಮಧ್ಯಾಹ್ನದಾಗ ಖಾಲಿ ಆಗತೈತಿ, ನೋಡ್ರಿ."

ಬ್ಯಾಗ್ ಮುಟ್ಟಿದೆ. ಒಲಿ ಕಟ್ಟಿಯಂಗ ಬೆಚ್ಚಗಿತ್ತು. ಮುಚ್ಚಿದ ಕೂಡ್ಲೇ ಲ್ಯಾಪ್‌ಟಾಪ್ ಮಲಗಬೇಕು. ತಗದು ನೋಡಿದ್ರ ಬೆರಳಾಡಸೋ ಪಟ್ಟಿ, ಅಂದ್ರ ಟಚ್‌ಪ್ಯಾಡ್, ಅದರ ಡ್ರೈವರ್ "ನನಗ ಕೆಲಸ ಐತಿ, ಮಲಗಾಕ ಆಗೂದಿಲ್ಲ" ಅಂತಿತ್ತು. ಒಂದು ಒಲ್ಲೆ ಅಂದ್ರ ಇಡೀ ಮಷೀನ್ ಎಚ್ಚರ.

"ಮಾಸ್ತರ, ಡಬ್ಬಿ ಎಲ್ಲಿ ಇಡ್ತಿದ್ರಿ?"

"ಇದ ಬ್ಯಾಗಿನಾಗ, ಲ್ಯಾಪ್‌ಟಾಪಿನ ಬಾಜೂಕರಿ."

"ಮತ್ತ ಮಸರು ಹುಳಿ ಆಗದ ಏನ ಮಾಡೀತು? ಹೋಗಿ ನಿಮ್ಮ ಮನ್ಯಾಗ ವೈನಿಗಿ ಹೇಳ್ರಿ."

"ನೀವ ಬಂದು ಹೇಳ್ರಿ. ನಾ ಕಟ್ಟಿ ಕೆಳಗ ನಿಂದರ್ತೀನಿ."

೩. ನಿಂತ ಕುರಿ

ದೈವ ನೋಡ್ರಿ, ಅದ ವಾರ ಅದ ಡ್ರೈವರಿನ ರಿಪೇರಿ ನನ್ನ ಕಡೆ ಬಂತು. ಎರಡ ಸಾಲು. ಒಲ್ಲೆ ಅನ್ನೋ ಜಾಗಾದಾಗ "ಮಲಗೀನಿ" ಅಂತ ಉತ್ತರ ಕೊಡೋದು. ಎಷ್ಟ ಚೊಕ್ಕ ಐತಿ ಅಂತ ಖುಷಿ ಆತು. ಸಹಿ ಹಾಕೂಕಿಂತ ಮೊದಲ ಮಾಸ್ತರರ ಲ್ಯಾಪ್‌ಟಾಪಿನಾಗ ಹಾಕಿದೆ. ಪರದೆ ಆರಿತು, ದೀಪ ಆರಿತು. ನಾ ಹೋಗಿ ಹೇಳಿದ್ದಕ್ಕ ವೈನಿ "ನಿಮ್ಮ ಮುಖ ನೋಡಿ ಕಳಸ್ತೀನಿ" ಅಂತ ಡಬ್ಬಿ ಕಟ್ಟಿದ್ರು.

ಮಧ್ಯಾಹ್ನ ಫೋನು: "ಮ್ಯಾಡಂ, ಹುಳೀನ ಐತ್ರಿ."

ದೀಪ ಆರೈತಿ, ಕಾವು ಹೆಂಗ? ನಾ ತಲಿ ಹಿಡಕೊಂಡು ಕುಂತೆ. ಅತ್ತಿ ಜ್ವಾಳ ಹಸನ ಮಾಡಕೋತ ನಾ ಹೇಳಿದ್ದೆಲ್ಲಾ ಕೇಳಿದ್ರು. ಅವರ ತವರು ದರಿಬಡಚಿ, ಕುರಿ ಕಾಯೋ ಮನಿತನ.

"ಮಧ್ಯಾಹ್ನ ಜಾಲಿ ನೆಳ್ಳಾಗ ಕುರಿ ಮಲಗಸ್ತೀವಿ. ಒಂದು ನಿಂತೇ ಇತ್ತಂದ್ರ ಹಿಂಡಿಗಿ ನಿದ್ದಿ ಇಲ್ಲ. ಅದು ಯಾಕ ನಿಂತೈತಿ ಅಂತ ಹೋಗಿ ನೋಡಬೇಕು. ಗೊರಸಿನಾಗ ಮುಳ್ಳು ಇರತೈತಿ."

"ಮಲಗೈತಿ ಅಂತ ತಿಳಕೊಂಡು ಬಿಟ್ರ?"

"ನಮ್ಮಪ್ಪ ಹಂಗ ತಿಳಕೊಂಡು ತಾ ಮಲಗಿದ್ದ. ಎದ್ದಾಗ ಕುರಿ ಪಾಟೀಲರ ಸೇಂಗಾದಾಗ ಇದ್ದುವು."

ಮತ್ತ ಕುಂತು ಓದಿದೆ. ಮುಳ್ಳು ಸಿಕ್ತು. ಮುಚ್ಚೂಕಿಂತ ಮೊದಲ ಬೆರಳು ಮುಟ್ಟಿದ ಸುದ್ದಿ ಒಂದು ಅರ್ಧಕ್ಕ ಸಿಕ್ಕೊಂಡಿತ್ತು, ಡ್ರೈವರ್ ಅದನ್ನ ಕಾಯ್ತಿತ್ತು. ರಿಪೇರಿ ಆದ ಮ್ಯಾಲೂ ಪಟ್ಟಿ ಎಚ್ಚರ ಇತ್ತು, ಬಾಯಿಲೆ ಅಷ್ಟ ಮಲಗಿತ್ತು. ಅದಕ್ಕ ಮಷೀನಿನ ಕಾವೂ ಇಳಿದಿದ್ದಿಲ್ಲ. "ಮಲಗದ ಮಲಗೀನಿ ಅನಬ್ಯಾಡ. ಮೊದಲ ಆ ಸುದ್ದಿ ಮುಗಸು, ಆಮ್ಯಾಲೆ ಕರೆಂಟ್ ತಗಿ" ಅಂತ ಬರದು ಕಳಿಸಿದೆ. ರಿಪೇರಿ ಬರದಾವ ಪಾಪ, ಎರಡ ದಿನದಾಗ ತಿದ್ದಿ ಕಳಿಸಿದ.

೪. ಹೆಸರು ಯಾರದು

ಹೊಸ ರಿಪೇರಿ ಹಾಕಿದ ದಿನ ಮಾಸ್ತರರು ಸಂಜಿಕ ಖಾಲಿ ಡಬ್ಬಿ ಎತ್ತಿ ತೋರಿಸಿದ್ರು. "ಸಕ್ಕರಿಯಂಥ ಮಸರ್ರಿ!"

ಇಂಥ ರಿಪೇರಿ ಕೆಳಗ ತಪಾಸ ಮಾಡಿದವರ ಹೆಸರು ಬರೀತೀವಿ ಅಂದೆ. ಮಾಸ್ತರರು ಅಂಗಿ ಸರಿ ಮಾಡಕೊಂಡ್ರು. ವೈನಿ ಮುಂದ ಬಂದ್ರು. "ಹೆಪ್ಪ ಹಾಕಿದಾಕಿ ನಾನು. ಇವರು ಉಂಡಾರ ಅಷ್ಟ. ನನ್ನ ಹೆಸರು ಬರೀರಿ. ಮಸರಿನ ತಪ್ಪಿಲ್ಲ ಅಂತನೂ ಬರೀರಿ."

ಬರದೆ. ಕರ್ನಲ್ಲಿನ ದಫ್ತರಿಗಿ ಹೋತು.

ಮಾಸ್ತರರು ಸಣ್ಣ ದನಿಲೆ ಕೇಳಿದ್ರು, "ಅಳಸಾಕ ಬರೂದಿಲ್ಲೇನ್ರಿ?"

"ಜಗತ್ತಿನ ತುಂಬ ಹೋಗೇತ್ರಿ ಮಾಸ್ತರ."

೫. ಮತ್ತೊಂದು ತಪಾಸ

ತಿಂಗಳ ಮ್ಯಾಲೆ ಮಾಸ್ತರರು ಮತ್ತ ಬಂದ್ರು, ಕೈಯಾಗ ಡಬ್ಬಿ. "ಇವತ್ತ ಮತ್ತ ಹುಳಿ! ಬಾಯಿ ತಪ್ಪಿ ಮನ್ಯಾಗ ಅಂದುಬಿಟ್ಟೆ. ಮಷೀನ್ ಮಲಗಿಲ್ಲ, ನೋಡ್ರಿ."

ನೋಡಿದೆ. ಮುಂಜಾನಿ ಹತ್ತರಿಂದ ಸಂಜೀತನಾ ಕೂಸಿನಂಗ ಮಲಗಿತ್ತು. ಬ್ಯಾಗ್ ತಣ್ಣಗಿತ್ತು. ಡಬ್ಬಿಯಾಗ ಬೆರಳು ಅದ್ದಿ ರುಚಿ ನೋಡಿದೆ. ಹಲ್ಲು ಜುಮ್ಮಂದುವು.

"ಮಾಸ್ತರ, ಮಷೀನಿನ ತಪ್ಪಿಲ್ಲರಿ."

ಅವರು ಗಡಬಡಿಸಿ ಡಬ್ಬಿ ಮುಚ್ಚಿದ್ರು. ಅಷ್ಟರಾಗ ವೈನಿ ಸೆರಗು ಸಿಗಸಕೊಂಡು ಬಾಗಲದಾಗ ಬಂದು ನಿಂತ್ರು. "ಏನಂತೈತಿ ನಿಮ್ಮ ಮಷೀನು?"

ಮಾಸ್ತರರು ಕೈ ಜೋಡಿಸಿ ನನ್ನ ನೋಡಿದ್ರು. ಸುಳ್ಳು ಹೇಳಬ್ಯಾಡ ಅಂತ ಡ್ರೈವರಿಗಿ ಬುದ್ಧಿ ಹೇಳಿದಾಕಿ ನಾನ. ಆದ್ರೂ ಎಂಟು ದಿನದ ಬಜಿ ನೆನಪಾತು.

"ಇವತ್ತ ಮಲಗಿಲ್ಲರಿ ವೈನಿ," ಅಂದೆ.